ಸಿರಾಕ್ಯೂಸಿಗೆ ನಡೆದು ಹೋದವನು

ಹೋದ ವರ್ಷ ನಮ್ಮ ಕಾಲೇಜಿನ ಪ್ರವಾಸದಲ್ಲಿ ಬಸ್ಸು ಕೆಟ್ಟು ನಿಂತು, ನಾವೆಲ್ಲರೂ ಮೂರು ಕಿಲೋಮೀಟರ್ ದೂರ ಬಿಸಿಲಿನಲ್ಲಿ ನಡೆಯಬೇಕಾಯಿತು. ಆ ಮೂರು ಕಿಲೋಮೀಟರಿನ ವೃತ್ತಾಂತವನ್ನು ಹಾಸ್ಟೆಲಿನಲ್ಲಿ ಇಂದಿಗೂ ರಾಮಾಯಣದಂತೆ ಪಾರಾಯಣ ಮಾಡುವವರಿದ್ದಾರೆ. ಅವರಲ್ಲಿ ಈ ಲೇಖಕನೂ ಒಬ್ಬ. ಆ ನಾಚಿಕೆಯಿಂದಲೇ, ಜರ್ಮನಿಯ ಒಂದು ಸಣ್ಣ ಊರಿನಿಂದ ಬೆನ್ನಿಗೊಂದು ಚೀಲ ಹಾಕಿಕೊಂಡು ಹೊರಟು, ಮೆಡಿಟರೇನಿಯನ್ ಸಮುದ್ರದ ನಡುವಿರುವ ಸಿಸಿಲಿ ದ್ವೀಪದ ತುದಿಯನ್ನು ಮುಟ್ಟಿ, ಮತ್ತೆ ಅದೇ ಬೂಟುಗಳಲ್ಲಿ ಮನೆಗೆ ಹಿಂದಿರುಗಿದ ಒಬ್ಬ ಮನುಷ್ಯನ ಜೀವನವನ್ನು ಇಲ್ಲಿ ಬರೆಯಲು ಹೊರಟಿದ್ದೇನೆ. ಆತನ ಹೆಸರು ಯೋಹಾನ್ ಗಾಟ್‌ಫ್ರೀಡ್ ಸೊಯ್ಮೆ. ಜರ್ಮನ್ ಸಾಹಿತ್ಯದಲ್ಲಿ ಗಯಟೆ, ಷಿಲ್ಲರ್ ಮೊದಲಾದವರ ಸಾಲಿನಲ್ಲಿ ಆತನಿಗೆ ಪೀಠವಿಲ್ಲ. ಆದರೆ ಆ ದೇಶದಲ್ಲಿ ಕಾಲ್ನಡಿಗೆಯ ಪ್ರಯಾಣವೆಂದೊಡನೆ ಮೊದಲು ನೆನಪಾಗುವ ಹೆಸರು ಆತನದೇ.

ಸೊಯ್ಮೆಯು 1763ರ ಜನವರಿ 29ರಂದು ಸ್ಯಾಕ್ಸನಿಯ ಪೊಸೆರ್ನಾ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ರೈತ, ಯಾರ ಮುಂದೆಯೂ ಸುಲಭವಾಗಿ ತಲೆ ಬಾಗದ ಸ್ವಭಾವದವನು. ಮುಂದೆ ಕುಟುಂಬವು ಲೈಪ್ಸಿಗ್ ನಗರದ ಹತ್ತಿರದ ಹಳ್ಳಿಯೊಂದಕ್ಕೆ ಬಂದು ನೆಲೆಸಿತು. ಹುಡುಗನಿಗೆ ಎಂಟು ಒಂಬತ್ತು ವರ್ಷವಾಗಿದ್ದಾಗ, ಎಂದರೆ 1771-72ರಲ್ಲಿ, ಸ್ಯಾಕ್ಸನಿಗೆ ಭಯಂಕರವಾದ ಕ್ಷಾಮ ಬಂದಿತು. ಹಸಿವು ಎಂದರೆ ಏನೆಂಬುದನ್ನು ಆತನು ಪುಸ್ತಕದಲ್ಲಿ ಓದಿ ತಿಳಿದವನಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಸಿಸಿಲಿಯಲ್ಲಿ ಇದು ಮತ್ತೆ ಬೇಕಾಗುತ್ತದೆ. ಹದಿಮೂರರ ಸುಮಾರಿಗೆ ತಂದೆ ತೀರಿಕೊಂಡನು. ಹುಡುಗನ ಬುದ್ಧಿಶಕ್ತಿಯನ್ನು ಕಂಡು ಮೆಚ್ಚಿದ ಹೋಹೆನ್‌ತಾಲ್ ಎಂಬ ಶ್ರೀಮಂತನು ಓದಿನ ಖರ್ಚನ್ನು ವಹಿಸಿಕೊಂಡನು. ಹೀಗೆ 1780ರಲ್ಲಿ ಸೊಯ್ಮೆ ಲೈಪ್ಸಿಗ್ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಯಾದನು.

ಪೋಷಕನ ಆಸೆ ಹುಡುಗನು ಪಾದ್ರಿಯಾಗಬೇಕೆಂದು. ಹುಡುಗನಿಗಾದರೋ ಓದಿದಷ್ಟೂ ಸಂಶಯಗಳೇ ಹೆಚ್ಚಿದವು. ನಂಬಿಕೆಯಿಲ್ಲದ ಮಾತನ್ನು ವೇದಿಕೆಯ ಮೇಲೆ ನಿಂತು ಆಡುವುದು ಹೇಗೆ? ಪರರ ಹಣದಿಂದ ಓದುತ್ತ ಅವರನ್ನು ವಂಚಿಸುವುದು ಹೇಗೆ? 1781ರಲ್ಲಿ ಯಾರಿಗೂ ಹೇಳದೆ ಊರು ಬಿಟ್ಟನು. ಸೊಂಟದಲ್ಲಿ ಕತ್ತಿ, ಜೇಬಿನಲ್ಲಿ ಕೆಲವು ನಾಣ್ಯ, ಚೀಲದಲ್ಲಿ ಒಂದೆರಡು ಲ್ಯಾಟಿನ್ ಪುಸ್ತಕ. ಪ್ಯಾರಿಸಿಗೆ ಹೋಗುವುದೆಂದು ಯೋಚನೆ. ಆದರೆ ಹೆಸ್ಸೆ ಪ್ರಾಂತದ ಗಡಿಯಲ್ಲಿ, ಫಾಖಾ ಎಂಬ ಪೇಟೆಯಲ್ಲಿ, ಸೈನ್ಯಕ್ಕೆ ಆಳು ಹಿಡಿಯುವವರ ಕೈಗೆ ಸಿಕ್ಕಿಬಿದ್ದನು.

ಆ ಕಾಲದಲ್ಲಿ ಹೆಸ್ಸೆ-ಕಾಸೆಲ್ ಸಂಸ್ಥಾನದ ದೊರೆ ಎರಡನೆಯ ಫ್ರೆಡರಿಕನು ಒಂದು ವಿಚಿತ್ರವಾದ ವ್ಯಾಪಾರ ನಡೆಸುತ್ತಿದ್ದನು. ಅಮೆರಿಕದ ವಸಾಹತುಗಳು ಬಂಡೆದ್ದಿದ್ದವು. ಇಂಗ್ಲೆಂಡಿಗೆ ಸೈನಿಕರು ಬೇಕಾಗಿದ್ದರು. ದೊರೆಯು ತನ್ನ ಪ್ರಜೆಗಳನ್ನೂ, ದಾರಿಯಲ್ಲಿ ಸಿಕ್ಕ ಪರದೇಶಿಗಳನ್ನೂ ತಲೆಗಿಷ್ಟೆಂದು ಹಣ ಪಡೆದು ಕಳುಹಿಸುತ್ತಿದ್ದನು. ಆ ಯುದ್ಧಕ್ಕೆ ವಿವಿಧ ಜರ್ಮನ್ ಸಂಸ್ಥಾನಗಳಿಂದ ಹೋದವರು ಸುಮಾರು 30,000 ಮಂದಿ. (ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ದೊರೆಯ ಇನ್ನೊಂದು ರಾಜ್ಯವಾದ ಹನೋವರಿನ ಎರಡು ರೆಜಿಮೆಂಟುಗಳು ನಮ್ಮ ಮದ್ರಾಸಿಗೂ ಬಂದಿಳಿದು, 1783ರಲ್ಲಿ ಕಡಲೂರಿನಲ್ಲಿ ಟಿಪ್ಪೂ ಸುಲ್ತಾನನ ಮಿತ್ರರಾಗಿದ್ದ ಫ್ರೆಂಚರೊಡನೆ ಕಾದಿದವು. ಸಾಮ್ರಾಜ್ಯವೆಂಬುದರ ಕೈ ಎಷ್ಟು ಉದ್ದವೆಂದು ಇದರಿಂದ ಊಹಿಸಬಹುದು.) ಸೊಯ್ಮೆ ತಾನು ವಿದ್ಯಾರ್ಥಿಯೆಂದು ಹೇಳಿ, ವಿಶ್ವವಿದ್ಯಾಲಯದ ದಾಖಲೆ ಪತ್ರವನ್ನು ತೋರಿಸಿದನು. ಅವರು ಅದನ್ನು ಆತನ ಕಣ್ಣೆದುರಿಗೇ ಹರಿದುಹಾಕಿದರು. ಆತನು ಯಾರೆಂಬುದಕ್ಕೆ ಇದ್ದ ಒಂದೇ ಸಾಕ್ಷಿ ಆ ಕಾಗದ. ನಮ್ಮಲ್ಲಿ ಹಾಲ್ ಟಿಕೆಟ್ ಕಳೆದುಕೊಂಡವನ ಮುಖ ಪರೀಕ್ಷೆಯ ದಿನ ಹೇಗಿರುತ್ತದೆಂದು ಬಲ್ಲವರು, ಹದಿನೆಂಟು ವರ್ಷದ ಆ ಹುಡುಗನ ಸ್ಥಿತಿಯನ್ನು ಸ್ವಲ್ಪಮಟ್ಟಿಗಾದರೂ ಕಲ್ಪಿಸಿಕೊಳ್ಳಬಲ್ಲರು.

ಕುರಿಗಳಂತೆ ಹಡಗಿನಲ್ಲಿ ತುಂಬಿ ಸಾಗಿಸಿದ ಆ ಗುಂಪಿನೊಡನೆ ಸೊಯ್ಮೆ 1782ರಲ್ಲಿ ನೋವಾ ಸ್ಕೋಷಿಯಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಇಳಿದನು. ಅಷ್ಟರಲ್ಲಿ ಯುದ್ಧವೇ ಮುಗಿಯುತ್ತ ಬಂದಿತ್ತು. ಒಂದು ಗುಂಡನ್ನೂ ಶತ್ರುವಿನ ಮೇಲೆ ಹಾರಿಸದೆ, 1783ರಲ್ಲಿ ಮತ್ತೆ ಯೂರೋಪಿಗೆ ಬಂದನು. ಬ್ರೆಮೆನ್ ಬಳಿ ತಪ್ಪಿಸಿಕೊಂಡನು. ಕೂಡಲೇ ಪ್ರಷ್ಯದವರು ಹಿಡಿದು ತಮ್ಮ ಸೈನ್ಯಕ್ಕೆ ಸೇರಿಸಿಕೊಂಡರು. ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು. ಎಂಡೆನ್ ಕೋಟೆಯಿಂದ ಎರಡು ಸಲ ಓಡಿಹೋಗಲು ಪ್ರಯತ್ನಿಸಿ ಎರಡು ಸಲವೂ ಸಿಕ್ಕಿಬಿದ್ದನು. ಸಾಲಾಗಿ ನಿಂತ ಸೈನಿಕರ ಬೆತ್ತದೇಟುಗಳ ನಡುವೆ ಓಡಿಸುವ ಘೋರ ಶಿಕ್ಷೆ ಹೇಗೋ ತಪ್ಪಿತು. ಕೊನೆಗೆ 1787ರಲ್ಲಿ ಎಂಡೆನ್ನಿನ ಪುಣ್ಯಾತ್ಮನೊಬ್ಬನು 80 ಟಾಲರ್ ಜಾಮೀನು ಕಟ್ಟಿದ್ದರಿಂದ ರಜೆಯ ಮೇಲೆ ಊರಿಗೆ ಹೋಗಲು ಅಪ್ಪಣೆ ದೊರೆಯಿತು. ಆತನು ಹಿಂದಿರುಗಲಿಲ್ಲ. ಆದರೆ ಇಂಗ್ಲಿಷ್ ಕಾದಂಬರಿಯೊಂದನ್ನು ಜರ್ಮನ್ ಭಾಷೆಗೆ ಅನುವಾದಿಸಿ, ಬಂದ ಹಣದಿಂದ ಆ 80 ಟಾಲರುಗಳನ್ನು ತೀರಿಸಿಬಿಟ್ಟನು. ಆಳುವವರಿಗೆ ಕೊಟ್ಟ ಮಾತು ಮುರಿಯಿತು. ಉಪಕಾರ ಮಾಡಿದವನಿಗೆ ನಷ್ಟವಾಗಲಿಲ್ಲ. ನೀತಿಶಾಸ್ತ್ರದ ತರಗತಿಯಲ್ಲಿ ಚರ್ಚೆಗೆ ಇದೊಂದು ಒಳ್ಳೆಯ ವಿಷಯವಾದೀತು.

ಮುಂದಿನ ಹತ್ತು ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಲೈಪ್ಸಿಗ್ಗಿನಲ್ಲಿ ಮತ್ತೆ ಓದಿ 1791ರಲ್ಲಿ ಪದವಿ ಪಡೆದನು. ರಷ್ಯದ ಸೇನಾಪತಿ ಇಗೆಲ್‌ಸ್ಟ್ರೋಮನ ಕಾರ್ಯದರ್ಶಿಯಾಗಿ ವಾರ್ಸಾಕ್ಕೆ ಹೋದನು. 1794ರಲ್ಲಿ ಪೋಲೆಂಡಿನವರು ರಷ್ಯದ ವಿರುದ್ಧ ಬಂಡೆದ್ದಾಗ ಅವರ ಸೆರೆಯಾಳಾದನು. ರಷ್ಯದ ಸೈನ್ಯ ನಗರವನ್ನು ಮತ್ತೆ ಹಿಡಿದಾಗ ಬಿಡುಗಡೆಯಾಯಿತು. ಸ್ವಾತಂತ್ರ್ಯವೇ ಉಸಿರೆಂದವನು ಇನ್ನೊಂದು ಜನಾಂಗದ ಸ್ವಾತಂತ್ರ್ಯವನ್ನು ಅಡಗಿಸುವವರ ಉಪ್ಪು ತಿಂದದ್ದು ಆತನ ಬಾಳಿನಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ. ಹೊಟ್ಟೆಪಾಡೆಂದು ಸಮಾಧಾನ ಹೇಳಬಹುದು, ಅಷ್ಟೆ.

1797ರಲ್ಲಿ ಆತನಿಗೆ ಗ್ರಿಮ್ಮಾ ಎಂಬ ಊರಿನಲ್ಲಿ, ಗೋಶೆನ್ ಎಂಬ ಪ್ರಸಿದ್ಧ ಪ್ರಕಾಶಕನ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ವೀಲಂಡ್ ಮತ್ತು ಕ್ಲೊಪ್‌ಸ್ಟಾಕ್ ಕವಿಗಳ ಗ್ರಂಥಗಳು ಅಲ್ಲಿ ಅಚ್ಚಾಗುತ್ತಿದ್ದವು. ನಾಲ್ಕು ವರ್ಷ ಆತನು ಮೇಜಿನ ಮುಂದೆ ಬಗ್ಗಿ ಕುಳಿತು, ಅನ್ಯರ ಪದ್ಯಗಳಲ್ಲಿ ಅಲ್ಪವಿರಾಮಗಳನ್ನು ಹುಡುಕುತ್ತ ಕಳೆದನು. ಈ ಸಂಚಿಕೆಯ ಕರಡಚ್ಚು ತಿದ್ದಲು ಎರಡು ದಿನ ಕುಳಿತ ನಮ್ಮ ಸಂಪಾದಕ ಮಂಡಲಿಯ ಮಿತ್ರರಿಗೆ ಆ ಕಷ್ಟ ತಿಳಿದೀತು. ಕ್ಲೊಪ್‌ಸ್ಟಾಕನ ಪ್ರಗಾಥಗಳ ಮೇಲೆ ಕುಳಿತೂ ಕುಳಿತೂ ಎದೆಗೂಡಿನ ಕೆಳಗೆ ಹಿಡಿದುಕೊಂಡದ್ದನ್ನು ನಡೆದು ಬಿಡಿಸಿಕೊಳ್ಳಬೇಕೆಂಬುದೇ ತನ್ನ ಪ್ರಯಾಣದ ಕಾರಣವೆಂದು ಆತನು ಹಾಸ್ಯವಾಗಿ ಬರೆದಿದ್ದಾನೆ. ಇನ್ನೊಂದು ಕಾರಣವನ್ನೂ ಕೊಟ್ಟಿದ್ದಾನೆ: ಗ್ರೀಕ್ ಕವಿ ಥಿಯಾಕ್ರಿಟಸನ ಕಾವ್ಯವನ್ನು ಆ ಕವಿಯ ಊರಾದ ಸಿರಾಕ್ಯೂಸಿನಲ್ಲಿಯೇ ಕುಳಿತು ಓದಬೇಕು. ಹೇಳದೆ ಬಿಟ್ಟ ಮೂರನೆಯದು ನಮಗೆ ಕಾಣುತ್ತದೆ. ಅಲ್ಲಿಯವರೆಗೆ ಆ ಮನುಷ್ಯನು ಮಾಡಿದ ದೂರ ಪ್ರಯಾಣಗಳೆಲ್ಲ ಪರರ ಆಜ್ಞೆಯಂತೆ, ಪರರ ಡೋಲಿನ ಸದ್ದಿಗೆ ಹೆಜ್ಜೆ ಹಾಕಿ ಮಾಡಿದವು. ತನ್ನ ಇಚ್ಛೆಯಿಂದ ಹೊರಟ ಮೊದಲ ಪಯಣ ಫಾಖಾದಲ್ಲಿ ನಿಂತುಹೋಗಿತ್ತು. ಇಪ್ಪತ್ತು ವರ್ಷಗಳ ಮೇಲೆ ಅದನ್ನು ಮತ್ತೆ ಆರಂಭಿಸುತ್ತಿದ್ದನು.

1801ರ ಡಿಸೆಂಬರ್ 6ರಂದು, ನಡುಚಳಿಗಾಲದಲ್ಲಿ, ಸೊಯ್ಮೆ ಗ್ರಿಮ್ಮಾವನ್ನು ಬಿಟ್ಟನು. ಬೆನ್ನ ಮೇಲೆ ಸೀಲ್ ಪ್ರಾಣಿಯ ಚರ್ಮದ ಚೀಲ. ಅದರಲ್ಲಿ ಬಟ್ಟೆಗಿಂತ ಹೆಚ್ಚಾಗಿ ಪುಸ್ತಕಗಳು, ಹೋಮರ್, ಥಿಯಾಕ್ರಿಟಸ್, ವರ್ಜಿಲ್, ಹೊರೇಸ್ ಹೀಗೆ. ಜೊತೆಗೆ ಶ್ನೋರ್ ಎಂಬ ಚಿತ್ರಕಾರ ಮಿತ್ರನಿದ್ದನು. ಡ್ರೆಸ್ಡೆನ್, ಪ್ರಾಗ್ ಮಾರ್ಗವಾಗಿ ವಿಯೆನ್ನಾದವರೆಗೆ ಬಂದ ಆ ಮಿತ್ರನು, ಹೆಂಡತಿ ಮಕ್ಕಳನ್ನು ನೆನೆದು ಅಲ್ಲಿಂದಲೇ ಹಿಂದಿರುಗಿದನು. ಅವನನ್ನು ನಾವು ದೂಷಿಸುವಂತಿಲ್ಲ. ಮುಂದೆ ಸೊಯ್ಮೆ ಒಬ್ಬನೇ ಹಿಮ ಮುಚ್ಚಿದ ಬೆಟ್ಟಗಳನ್ನು ದಾಟಿ ಗ್ರಾಜ್, ಟ್ರಿಯೆಸ್ಟ್, ವೆನಿಸ್, ಅಂಕೋನಾ, ರೋಮ್ ನಗರಗಳನ್ನು ಹಾದು ನೇಪಲ್ಸಿಗೆ ಬಂದನು. ಅಲ್ಲಲ್ಲಿ ಗಾಡಿ ಹತ್ತಿದ್ದೂ ಉಂಟು. ಅದನ್ನು ಆತನು ಮುಚ್ಚಿಟ್ಟಿಲ್ಲ. ನೇಪಲ್ಸಿನಿಂದ ಹಡಗು ಹತ್ತಿ ವಸಂತದ ಆರಂಭದಲ್ಲಿ ಪಲೆರ್ಮೋ ಬಂದರಿನಲ್ಲಿ ಇಳಿದನು. 1801ರ ಫೆಬ್ರವರಿಯಲ್ಲಿ ಲೂನೆವೀಲಿನಲ್ಲಿ ಆದ ಶಾಂತಿ ಒಪ್ಪಂದದ ನಂತರ ಯೂರೋಪಿನ ರಸ್ತೆಗಳಲ್ಲಿ ಸೈನ್ಯಗಳ ಓಡಾಟ ತಗ್ಗಿ, ಇಂತಹ ಪ್ರಯಾಣವು ಸಾಧ್ಯವಾಗಿದ್ದಿತು.

ಸಿಸಿಲಿ! ಉತ್ತರ ಯೂರೋಪಿನವರಿಗೆ ಈ ಹೆಸರೇ ಬಿಸಿಲಿನಂತೆ. ಮಂಜು ಮೋಡಗಳ ನಾಡಿನಿಂದ ಬಂದವನಿಗೆ ನೀಲಿ ಸಮುದ್ರ, ಕಿತ್ತಳೆ ನಿಂಬೆಗಳ ತೋಟ, ಬೆಟ್ಟದ ಮೇಲೆ ಎರಡು ಸಾವಿರ ವರ್ಷಗಳಿಗೂ ಮಿಕ್ಕು ನಿಂತಿರುವ ಗ್ರೀಕ್ ದೇವಾಲಯಗಳು! ಹದಿನೈದು ವರ್ಷ ಮೊದಲು, 1787ರ ವಸಂತದಲ್ಲಿ, ಮಹಾಕವಿ ಗಯಟೆ ಇದೇ ದ್ವೀಪಕ್ಕೆ ಬಂದು, ಇದರ ಸೌಂದರ್ಯದಲ್ಲಿ ಮುಳುಗಿ ಹೋಗಿದ್ದನು. ಆತನು ಬಂದದ್ದು ಚಿತ್ರಕಾರನೊಬ್ಬನನ್ನು ಜೊತೆಗೆ ಕರೆದುಕೊಂಡು. ದ್ವೀಪದ ಒಳನಾಡಿನಲ್ಲಿ ಸವಾರಿ ಮಾಡಿ ನಡುದಾರಿ ಹಿಡಿದದ್ದರಿಂದ ಸಿರಾಕ್ಯೂಸನ್ನು ನೋಡಲೇ ಇಲ್ಲ. ಗಯಟೆ ಬಿಟ್ಟ ಊರನ್ನೇ ಸೊಯ್ಮೆ ತನ್ನ ಗುರಿಯಾಗಿ ಇಟ್ಟುಕೊಂಡನು.

ಪಲೆರ್ಮೋ ನಗರದ ಪಕ್ಕದಲ್ಲಿ ಸಮುದ್ರದಂಚಿಗೆ ಮೊಂತೆ ಪೆಲ್ಲೆಗ್ರೀನೋ ಎಂಬ ಬೆಟ್ಟವಿದೆ. ಅದರ ಮೇಲಿನ ಗುಹೆಯಲ್ಲಿ ಆ ಊರಿನ ರಕ್ಷಕ ದೇವತೆಯಾದ ಸಂತ ರೊಸಾಲಿಯಳ ಗುಡಿ. ಸೊಯ್ಮೆ ಆ ಬೆಟ್ಟವನ್ನು ಹತ್ತಿದನು. ಆತನ ಎದೆಯ ಮೇಲೆ ಒಂದು ಸಣ್ಣ ಚಿತ್ರ ತೂಗುತ್ತಿದ್ದಿತು. ವಿಲ್ಹೆಲ್ಮೀನ ಎಂಬ ಯುವತಿಯನ್ನು ಆತನು ಪ್ರೀತಿಸಿದ್ದನು; ಆಕೆ ಬೇರೊಬ್ಬನನ್ನು ಮದುವೆಯಾಗಿ ವರ್ಷಗಳೇ ಆಗಿದ್ದರೂ ಆ ಚಿತ್ರವನ್ನು ಬಿಟ್ಟಿರಲಿಲ್ಲ. ಗ್ರಿಮ್ಮಾದಿಂದ ಅಲ್ಲಿಯವರೆಗೆ ಹೊತ್ತು ತಂದಿದ್ದ ಅದನ್ನು ಆ ಬೆಟ್ಟದ ಮೇಲಿನಿಂದ ಕೆಳಗೆ ಎಸೆದುಬಿಟ್ಟನು. ಬೆನ್ನಿನ ಚೀಲದ ಭಾರವನ್ನು ಕುರಿತು ಹಾಸ್ಯ ಮಾಡುವ ಈ ಮನುಷ್ಯನು ಎದೆಯ ಮೇಲಿನ ಭಾರವನ್ನು ಕುರಿತು ಹೆಚ್ಚು ಹೇಳುವುದಿಲ್ಲ.

ಪಲೆರ್ಮೋದಿಂದ ದಕ್ಷಿಣಕ್ಕೆ, ಆಗ ಜಿರ್ಜೆಂತಿ ಎನ್ನುತ್ತಿದ್ದ ಇಂದಿನ ಅಗ್ರಿಜೆಂತೋ ಊರಿಗೆ ದ್ವೀಪವನ್ನು ಅಡ್ಡಹಾಯ್ದು ಹೋಗಬೇಕು. ಸರಿಯಾದ ರಸ್ತೆಗಳಿರಲಿಲ್ಲ, ಹೇಸರಗತ್ತೆಯವನೊಬ್ಬನನ್ನು ಗೊತ್ತು ಮಾಡಿಕೊಳ್ಳದೆ ವಿಧಿಯಿರಲಿಲ್ಲ. ಇಲ್ಲಿಯೇ ಆತನ ಪುಸ್ತಕದ ಸ್ವರ ಬದಲಾಗುತ್ತದೆ. ಸಿಸಿಲಿ ಪ್ರಾಚೀನ ರೋಮಿನ ಕಣಜ. ಆ ಮಹಾನಗರಕ್ಕೆ ಗೋಧಿಯನ್ನು ಕೊಟ್ಟ ನೆಲ. ಅಂತಹ ನೆಲದಲ್ಲಿ ಗಾವುದ ಗಾವುದಗಳಷ್ಟು ಭೂಮಿ ಉಳುವವರಿಲ್ಲದೆ ಬಿದ್ದಿದ್ದಿತು. ಊರುಗಳಲ್ಲಿ ಎಲುಬಿನ ಹಂದರವಾದ ಜನ ಆತನ ಸುತ್ತ ಮುತ್ತಿ ಕೈ ಚಾಚಿದರು. ಜನರು ಹಸಿವಿನಿಂದ ಸಾಯುತ್ತಿದ್ದರು. ಕೈಲಿದ್ದ ರೊಟ್ಟಿಯನ್ನೂ ಕಾಸನ್ನೂ ಆತನು ಹಂಚಿದನು. ಅದು ಎಷ್ಟು ಜನರಿಗೆ ಸಾಕಾದೀತು?

ಗಾಡಿಯಲ್ಲಿ ಪರದೆ ಎಳೆದುಕೊಂಡು ಹೋಗುವವನಿಗೆ ಈ ಮುಖಗಳು ಕಾಣಿಸುವುದಿಲ್ಲ. ಕಂಡರೂ ಕ್ಷಣಮಾತ್ರ. ನಡೆಯುವವನು ಅವರ ನಡುವೆಯೇ ಹಾದು ಹೋಗಬೇಕು, ಅವರ ಎದುರಿಗೇ ಕುಳಿತು ಉಣ್ಣಬೇಕು. ಭೂಮಿಯೆಲ್ಲ ಕೆಲವೇ ಜಹಗೀರುದಾರರ ಮತ್ತು ಮಠಗಳ ಕೈಯಲ್ಲಿರುವುದೇ ಈ ದುರ್ಗತಿಗೆ ಕಾರಣವೆಂದು ಆತನು ನೇರವಾಗಿ ಬರೆದನು. ಬರೆಯುವಾಗ ಕೋಪವನ್ನು ಅಡಗಿಸಿಕೊಳ್ಳಲಿಲ್ಲ. ಕೆಲವೇ ವಾರ ಇದ್ದ ಪರದೇಶಿ, ಅದರಲ್ಲಿಯೂ ಕ್ಯಾಥೊಲಿಕ್ ಮಠಗಳನ್ನು ಕಂಡರಾಗದ ಉತ್ತರದ ಪ್ರಾಟೆಸ್ಟಂಟ್ ಮನೆಯವನು, ಆದ್ದರಿಂದ ಆತನ ಕೆಲವು ಮಾತುಗಳು ಅತಿಯಾದವೆಂದು ತೋರುತ್ತದೆ. ಆದರೆ ಮೂಲದಲ್ಲಿ ಆತನು ತಪ್ಪಿರಲಿಲ್ಲ. ಜಹಗೀರು ಪದ್ಧತಿಯನ್ನು ಸಿಸಿಲಿಯ ಶಾಸನಸಭೆಯೇ 1812ರಲ್ಲಿ ರದ್ದು ಮಾಡಿತು; ಭೂಮಿಯ ಜಗಳವಾದರೋ ಆಮೇಲೆಯೂ ಆ ದ್ವೀಪವನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಕಾಡಿತು. ಗಯಟೆಯ ಸಿಸಿಲಿಯನ್ನೂ ಸೊಯ್ಮೆಯ ಸಿಸಿಲಿಯನ್ನೂ ಒಟ್ಟಿಗೆ ಓದಿದವನಿಗೆ ಇವೆರಡೂ ಒಂದೇ ದ್ವೀಪವೆ ಎಂದು ಸಂಶಯ ಬರುತ್ತದೆ. ಒಬ್ಬನು ಬೆಳಕನ್ನು ನೋಡಿದನು, ಇನ್ನೊಬ್ಬನು ಆ ಬೆಳಕು ಯಾರ ಮೇಲೆ ಬಿದ್ದಿತ್ತೆಂಬುದನ್ನು ನೋಡಿದನು.

1802ರ ಏಪ್ರಿಲ್ ಆರಂಭದಲ್ಲಿ ಸೊಯ್ಮೆ ಸಿರಾಕ್ಯೂಸಿನಲ್ಲಿದ್ದನು. ಒಂದು ಕಾಲದಲ್ಲಿ ಅಥೆನ್ಸಿಗೆ ಸರಿಸಮವಾಗಿದ್ದ, ಆರ್ಕಿಮಿಡೀಸನು ಹುಟ್ಟಿ, ಕ್ರಿ.ಪೂ. 212ರಲ್ಲಿ ರೋಮನ್ ಸೈನಿಕನ ಕತ್ತಿಗೆ ಬಲಿಯಾದ ಆ ಮಹಾನಗರ ಆಗ ಕುಗ್ಗಿ ಒಂದು ಸಣ್ಣ ನಡುಗಡ್ಡೆಯಷ್ಟಾಗಿದ್ದಿತು. ಅಲ್ಲಿಯ ಪ್ರಾಚೀನ ವಸ್ತುಗಳ ಪಂಡಿತ ಲಾಂದೊಲೀನಾ ಈ ಕಾಲ್ನಡಿಗೆಯ ಅತಿಥಿಯನ್ನು ಆದರದಿಂದ ಕಂಡನು. ಅರೆಥೂಸಾ ಚಿಲುಮೆ, ಬಂಡೆಯಲ್ಲಿ ಕಡೆದ ಗ್ರೀಕ್ ನಾಟಕಶಾಲೆ, ಅನಾಪೋ ನದಿಯ ಬಳಿ ಬೆಳೆಯುವ ಪಪೈರಸ್ ಜೊಂಡು ಎಲ್ಲವನ್ನೂ ಆತನು ನೋಡಿದನು. ಸಂಕಲ್ಪದಂತೆ ಥಿಯಾಕ್ರಿಟಸನನ್ನು ತೆರೆದು ಓದಿದನು.

ಸಿರಾಕ್ಯೂಸಿನಲ್ಲಿ ಕಲ್ಲು ತೆಗೆದು ತೆಗೆದು ಆಳವಾದ ಹಳ್ಳಗಳಿವೆ. ಕ್ರಿ.ಪೂ. 415ರಲ್ಲಿ ಅಥೆನ್ಸ್ ಈ ನಗರವನ್ನು ಗೆಲ್ಲಲು ದೊಡ್ಡ ನೌಕಾಸೈನ್ಯವನ್ನು ಕಳುಹಿಸಿ, ಎರಡು ವರ್ಷಗಳ ಮೇಲೆ ಸರ್ವನಾಶವಾಯಿತು. ಸೆರೆ ಸಿಕ್ಕ ಏಳು ಸಾವಿರಕ್ಕೆ ಕಡಿಮೆಯಿಲ್ಲದ ಜನರನ್ನು ಈ ಹಳ್ಳಗಳಲ್ಲಿ ತಳ್ಳಿ, ಹಗಲಿನ ಬಿಸಿಲು ರಾತ್ರಿಯ ಚಳಿಗಳಲ್ಲಿ, ಅರೆಹೊಟ್ಟೆಯಲ್ಲಿ ಇಟ್ಟರೆಂದು ಇತಿಹಾಸಕಾರ ಥ್ಯೂಸಿಡಿಡೀಸ್ ಹೇಳುತ್ತಾನೆ. ದೊರೆಗಳ ಲೆಕ್ಕಾಚಾರಕ್ಕಾಗಿ ಸಮುದ್ರ ದಾಟಿದ ಆಳುಗಳ ಕಥೆ ಅದು. ಹ್ಯಾಲಿಫ್ಯಾಕ್ಸಿಗೆ ಮಾರಿಹೋಗಿದ್ದ ಹಳೆಯ ಸೈನಿಕನು ಆ ಹಳ್ಳಗಳಲ್ಲಿ ಓಡಾಡಿದುದನ್ನು ನೆನೆದಾಗ, ಇವನಿಗಿಂತ ಹೆಚ್ಚು ಅರ್ಹನಾದ ಯಾತ್ರಿಕನು ಅಲ್ಲಿಗೆ ಬಂದಿರಲಾರನೆಂದು ನನಗೆ ಅನ್ನಿಸುತ್ತದೆ.

ಅಲ್ಲಿಂದ ಕತಾನಿಯಾಕ್ಕೆ ಹೋಗಿ, ಇನ್ನೂ ಹಿಮ ತುಂಬಿದ್ದ ಎಟ್ನಾ ಅಗ್ನಿಪರ್ವತವನ್ನು ಇತರ ಕೆಲವರೊಡನೆ ತುದಿಯವರೆಗೂ ಹತ್ತಿದನು. ಸಮುದ್ರಮಟ್ಟದಿಂದ ಸುಮಾರು 3,300 ಮೀಟರ್ ಎತ್ತರ. ಗಯಟೆ ಸಹ ಕೆಳಗಿನ ಗುಡ್ಡವೊಂದಕ್ಕೆ ತೃಪ್ತಿಪಟ್ಟು ಹಿಂದಿರುಗಿದ್ದನು. 1783ರ ಭೂಕಂಪದಿಂದ ಹಾಳಾಗಿದ್ದ ಮೆಸ್ಸೀನಾವನ್ನು ಕಂಡು, ಪಲೆರ್ಮೋಗೆ ಬಂದು, ಮತ್ತೆ ಹಡಗು ಹತ್ತಿದನು.

ಹಿಂದಿರುಗುವ ದಾರಿಯಲ್ಲಿ, ಯಾರೂ ನಿರೀಕ್ಷಿಸಬಹುದಾದಂತೆ, ಕಳ್ಳರು ಆತನನ್ನು ದೋಚಿದರು. ರೋಮ್, ಮಿಲಾನ್, ಸ್ವಿಟ್ಜರ್ಲೆಂಡ್, ಅಲ್ಲಿಂದ ನೇರವಾಗಿ ಊರಿಗೆ ಹೋಗದೆ ಪ್ಯಾರಿಸ್! ಹದಿನೆಂಟನೆಯ ವಯಸ್ಸಿನಲ್ಲಿ ತಲುಪಲಾಗದ ಊರನ್ನು ಮೂವತ್ತೊಂಬತ್ತರಲ್ಲಿ ತಲುಪಿದನು. ಅಲ್ಲಿ ನೆಪೋಲಿಯನ್ನನನ್ನು ಕಂಡನು. ಗಣರಾಜ್ಯವು ಒಬ್ಬನ ಮುಷ್ಟಿಗೆ ಹೋಗುತ್ತಿರುವುದನ್ನು ಗುರುತಿಸಿ ನಿರಾಶನಾದನು. ಆಗಸ್ಟ್ ಕೊನೆಯ ಹೊತ್ತಿಗೆ ಲೈಪ್ಸಿಗ್ ಸೇರಿದಾಗ ಒಂಬತ್ತು ತಿಂಗಳು ಕಳೆದಿದ್ದವು. ದಾರಿ ಒಟ್ಟು ಸುಮಾರು 6,000 ಕಿಲೋಮೀಟರ್. ಹೋಗುವಾಗ ತೊಟ್ಟಿದ್ದ ಬೂಟುಗಳಲ್ಲಿಯೇ ಹಿಂದಿರುಗಿದ್ದಕ್ಕೆ ಲೈಪ್ಸಿಗ್ಗಿನ ಮುದುಕ ಚಮ್ಮಾರನನ್ನು ಪುಸ್ತಕದಲ್ಲಿ ಹೆಸರು ಹಿಡಿದು ಹೊಗಳಿದನು. ಯಾವ ರಾಜಕುಮಾರನಿಗೂ ಆ ಪುಸ್ತಕದಲ್ಲಿ ಅಂತಹ ಹೊಗಳಿಕೆ ದೊರೆತಿಲ್ಲ.

ಪುಸ್ತಕವು 1803ರಲ್ಲಿ ಅಚ್ಚಾಯಿತು. ಅದಕ್ಕೆ ಆತನಿಟ್ಟ ಹೆಸರಿನ ಅರ್ಥ 1802ರಲ್ಲಿ ಸಿರಾಕ್ಯೂಸಿಗೆ ಮಾಡಿದ ವಾಯುವಿಹಾರ ಎಂದು. ಊಟವಾದ ಮೇಲೆ ಕೆರೆಯ ಏರಿಯವರೆಗೆ ಅಡ್ಡಾಡಿ ಬರುವುದಕ್ಕೆ ಜರ್ಮನರು ಬಳಸುವ ಮಾತೇ ಅದು! ಓದುಗರು ಅದನ್ನು ಮೆಚ್ಚಿದರು. ಗ್ರಿಮ್ಮಾದ ಕರಡು ತಿದ್ದುವವನು ಪ್ರಸಿದ್ಧನಾದನು. 1805ರಲ್ಲಿ ಆತನು ಪೋಲೆಂಡ್, ರಷ್ಯ, ಫಿನ್ಲೆಂಡ್, ಸ್ವೀಡನ್ ದೇಶಗಳನ್ನು ಸುತ್ತಿ ಬಂದು ಇನ್ನೊಂದು ಪುಸ್ತಕ ಬರೆದನು. ಈ ಸಲ ಹೆಚ್ಚಾಗಿ ಗಾಡಿಯಲ್ಲಿ ಹೋಗಿದ್ದನು; ಅದಕ್ಕೆ ಕ್ಷಮೆ ಬೇಡುವವನಂತೆ, ನಡಿಗೆಯನ್ನು ಕುರಿತ ತನ್ನ ವಿಚಾರವನ್ನು ಅದರ ಮುನ್ನುಡಿಯಲ್ಲಿ ಹೇಳಿದನು. ಗಾಡಿಯಲ್ಲಿ ಕುಳಿತೊಡನೆ ಮನುಷ್ಯನು ಇತರ ಮನುಷ್ಯರಿಂದ ಕೆಲವು ಹೆಜ್ಜೆ ದೂರವಾಗುತ್ತಾನೆ, ಯಾರ ಮುಖವನ್ನೂ ನೆಟ್ಟಗೆ ನೋಡಲಾರದವನಾಗುತ್ತಾನೆ, ಜನರು ಹೆಚ್ಚು ನಡೆದರೆ ಲೋಕವೂ ಹೆಚ್ಚು ಚೆನ್ನಾಗಿ ನಡೆದೀತು ಎಂಬುದು ಅದರ ಸಾರ.

ಕೊನೆಯ ವರ್ಷಗಳು ಸುಖದವಲ್ಲ. 1806ರಲ್ಲಿ ನೆಪೋಲಿಯನ್ನನು ಪ್ರಷ್ಯವನ್ನು ಸೋಲಿಸಿದ ನಂತರ ಸೊಯ್ಮೆ ಮನಸ್ಸಿನ ಕಹಿಯನ್ನೆಲ್ಲ ಸಣ್ಣ ಸಣ್ಣ ಟಿಪ್ಪಣಿಗಳಾಗಿ ಬರೆದಿಟ್ಟನು. ಬದುಕಿರುವಾಗ ಅವನ್ನು ಅಚ್ಚು ಹಾಕಿಸುವಂತಿರಲಿಲ್ಲ. ಪಾಠ ಹೇಳಿ ಜೀವನ ಸಾಗಿಸಿದನು. 1808ರ ಸುಮಾರಿಗೆ ಹಿಡಿದ ಮೂತ್ರಕೋಶದ ಕಾಯಿಲೆ ಗುಣವಾಗಲಿಲ್ಲ. ಆತ್ಮಕಥೆಯನ್ನು ಬರೆಯತೊಡಗಿದನು, ಅದು ಮುಗಿಯಲಿಲ್ಲ. ಹರಿದುಹಾಕಿದ ಆ ದಾಖಲೆ ಪತ್ರದ ಸಂಗತಿಯನ್ನು ನಾವು ತಿಳಿದದ್ದು, 1813ರಲ್ಲಿ ಪ್ರಕಟವಾದ ಆ ಅರ್ಧ ಪುಸ್ತಕದಿಂದಲೇ.

1810ರ ಬೇಸಿಗೆಯಲ್ಲಿ ಬೊಹೀಮಿಯದ ಟೆಪ್ಲಿಟ್ಸ್ ಎಂಬ ಬಿಸಿನೀರಿನ ಚಿಲುಮೆಗಳ ಊರಿಗೆ ಚಿಕಿತ್ಸೆಗಾಗಿ ಹೋದನು. ಈಗ ಅದು ಚೆಕ್ ಗಣರಾಜ್ಯದ ತೆಪ್ಲಿತ್ಸೆ. ಜೂನ್ 13ರಂದು, ನಲವತ್ತೇಳನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡನು. ಸಮಾಧಿಯೂ ಅಲ್ಲಿಯೇ ಇದೆ. 1801ರ ಚಳಿಗಾಲದಲ್ಲಿ ಚೀಲ ಹೊತ್ತು ದಾಟಿದ್ದ ಬೊಹೀಮಿಯದ ಬೆಟ್ಟಗಳು ಆ ಊರಿಗೆ ಹತ್ತಿರ.